ಲೇ ಗುರಪ್ಪಾ!

ತಿಕೋಟಾದ ನನ್ನ ತವರುಮನೆಯಲ್ಲಿ ಮಗನನ್ನು ತೊಟ್ಟಿಲಿಗೆ ಹಾಕುತ್ತಿದ್ದೆವು. ಸೋದರತ್ತೆಯಾದ ನನ್ನ ನಾದಿನಿ ಮಗುವಿನ ಕಿವಿಗೆ ಬಾಯಿ ಹಚ್ಚಿದ್ದೇ ತಡ, ಸುತ್ತ ನಿಂತ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ದಬದಬ ಗುದ್ದತೊಡಗಿದರು. ಹೆಸರು ಹೇಳಿ ಮುಗಿಯುವವರೆಗೆ ಗುದ್ದು ನಿಲ್ಲುವುದಿಲ್ಲ. ಊರಲ್ಲಿ ಮತ್ತ್ಯಾರಿಗೂ ಇರಬಾರದೆಂದು ನಾನೂ ಗಂಡನೂ ತಿಂಗಳುಗಟ್ಟಲೆ ಹುಡುಕಿದ್ದ ‘ಹ್ರಿಯಾಂಶ್’ ಎಂಬ ಹೆಸರನ್ನು ಅವಳು ಬೆಳಗಿನಿಂದ ಬಾಯಿಪಾಠ ಮಾಡಿದ್ದಳು. ಎರಡು ಗುದ್ದು ಬಿದ್ದದ್ದೇ ಅದು ಮರೆತುಹೋಯಿತು.

“ಗುರಪ್ಪ! ನಮ್ಮಪ್ಪನ ಹೆಸರು ಹೇಳೇನಿ, ಇನ್ನರ ಬಿಡ್ರಬೇ!” ಎಂದು ಚೀರಿದಳು.

ತೀರಿಕೊಂಡ ಗಂಡನ ಹೆಸರು ಕೇಳಿ ನನ್ನ ಅತ್ತೆ ಕಣ್ಣೊರೆಸಿಕೊಂಡರು. ನಾನು ಮಾತ್ರ ನಮ್ಮ ಹೆಸರನ್ನೇ ಮತ್ತೊಮ್ಮೆ ಹೇಳೆಂದು ಹಟ ಹಿಡಿದೆ.

“ಹೇಳ್ತೀನಿ ವೈನಿ. ಮೊದಲ ಯಾರದರ ಬ್ಯಾರೆ ಬೆನ್ನು ತರ್ರಿ” ಎಂದಳು ನಾದಿನಿ.

ಈಗ ಮಗ ನಡೆಯುತ್ತಾನೆ. ಹ್ರಿಯಾಂಶ್ ಎಂದರೆ ತಿರುಗಿಯೂ ನೋಡುವುದಿಲ್ಲ. ಮೊನ್ನೆ ತೊರವಿಯ ನಮ್ಮ ಮನೆಯೆದುರು ಅವನು ರಸ್ತೆಗೆ ಓಡಿದಾಗ ಗಾಬರಿಯಲ್ಲಿ “ಲೇ ಗುರಪ್ಪಾ!” ಎಂದು ಒದರಿದೆ. ಮಗ ಗಕ್ಕನೆ ನಿಂತ. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ತಟ್ಟನೆ ಎದ್ದು ತಲೆ ಮೇಲೆ ಸೆರಗು ಎಳೆದುಕೊಂಡರು.