ಈಗ್ತಾನೆ ಕುಡ್ದು ಬಂದೆ

ಮರಿಸಿದ್ದಯ್ಯನವರು ಮಳವಳ್ಳಿ–ಮದ್ದೂರು ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದವರು. ಬಸ್ಸಿನ ನೂಕುನುಗ್ಗಲಿನಲ್ಲಿ ಜಾತಿ ಯಾರಿಗೆ ನೆನಪಿರುತ್ತದೆ? ಬ್ರೇಕು ಹಾಕಿದಾಗ ಊರಗೌಡರೂ ಇವರ ಮೈಮೇಲೆಯೇ ಬೀಳುತ್ತಿದ್ದರು. ಅದೇ ಗೌಡರು ಏನೋ ಕೆಲಸಕ್ಕೆಂದು ಮನೆಗೆ ಬಂದರೆ, ಹೆಂಡತಿ ಮುದ್ದಮ್ಮ ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಮಾತು ತಯಾರಾಗಿರುತ್ತಿತ್ತು. “ಬ್ಯಾಡ ಕಣಮ್ಮ, ಈಗ್ತಾನೆ ಕುಡ್ದು ಬಂದೆ.”

ಗೌಡರೊಬ್ಬರೇ ಅಲ್ಲ, ಮೇಷ್ಟ್ರು, ಶಾನುಭೋಗರ ಮಗ, ಎಲ್ಲರದೂ ಅದೇ ಮಾತು. ಊರಿಗೆ ಊರೇ ಕುಡಿದು ಬರುತ್ತಿತ್ತು, ಒಬ್ಬರೂ ತೂರಾಡುತ್ತಿರಲಿಲ್ಲ! ಆ ಮಾತು ಕೇಳಿ ಕೇಳಿ ರೋಸಿಹೋದ ಮರಿಸಿದ್ದಯ್ಯ ಕೊನೆಗೆ ಬುದ್ಧನ ದಾರಿ ಹಿಡಿದರು. ಏಪ್ರಿಲ್ ಬಂದರೆ ಜಯಂತಿಯ ಸಭೆಯಲ್ಲಿ ಮೈಕು ಹಿಡಿದು, “ಒಂದು ಲೋಟ ನೀರಲ್ಲಿ ಗೊತ್ತಾಯ್ತದೆ ಕಣ್ರಪ್ಪ, ಮನ್ಸ ಮನ್ಸನೋ ಅಲ್ವೋ ಅಂತ” ಎಂದು ಗುಡುಗುತ್ತಿದ್ದರು. ಮುಂದಿನ ಸಾಲಿನಲ್ಲಿ ಮಗಳು ಮಂಜುಶ್ರೀ ಚಪ್ಪಾಳೆ ತಟ್ಟುತ್ತಿದ್ದಳು.

ಮಂಜುಶ್ರೀ ಈಗ ಮಂಡ್ಯದಲ್ಲಿ ನರ್ಸು. ಜೊತೆಯಲ್ಲಿ ಕೆಲಸ ಮಾಡುವ ಅಶೋಕನನ್ನು ಮದುವೆಯಾಗುತ್ತೇನೆ ಎಂದಳು. ದಲಿತರಲ್ಲೇ ಇವರು ಬಲಗೈಯವರು, ಅವನು ಎಡಗೈಯವನು. ಇಬ್ಬರ ಕೇರಿಯನ್ನೂ ಊರು ಹೊರಗೇ ಇಟ್ಟಿತ್ತು; ಆದರೂ ಹೊರಗಿಟ್ಟವರ ನಡುವೆಯೇ ಬಲಗೈ ಒಂದು ಮೆಟ್ಟಿಲು ಮೇಲೆ, ಎಡಗೈ ಒಂದು ಕೆಳಗೆ. ಮುದ್ದಮ್ಮ ಮುಖ ಗಂಟಿಕ್ಕಿದಳು. ಮರಿಸಿದ್ದಯ್ಯನವರೇ ಗದರಿದರು. “ಏಯ್, ಸುಮ್ಕಿರು. ನಾನೇ ಓಗಿ ಮಾತಾಡ್ಕಂಡ್ ಬತ್ತೀನಿ.”

ಭಾನುವಾರ ಅಪ್ಪ ಮಗಳು ಯಲಿಯೂರಿನ ಹತ್ತಿರದ ಆ ಮನೆಗೆ ಹೋದರು. ಅಶೋಕನ ತಾಯಿ ಮಾಯಮ್ಮ ಚಾಪೆ ಹಾಸಿ, ಥಳಥಳ ಬೆಳಗಿದ ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು.

“ಬಿಸ್ಲಲ್ಲಿ ಬಂದಿದ್ದೀರಿ, ನೀರ್ ಕುಡೀರಣ್ಣ.”

“ಬ್ಯಾಡ ಕಣಮ್ಮ,” ಎಂದರು ಮರಿಸಿದ್ದಯ್ಯ. “ಈಗ್ತಾನೆ ಕುಡ್ದು ಬಂದೆ.”

ಆಡಿದ ಮೇಲೆ ಕಿವಿಗೆ ಬಿತ್ತು. ಯಾರು ಅಂದಿದ್ದು ಇದನ್ನು? ತಾನೇ! ಬೇಕೆಂದು ಅಂದದ್ದಲ್ಲ, ಯೋಚಿಸಿಯೂ ಅಂದದ್ದಲ್ಲ. ಯಾವಾಗಲೋ ಒಳಗೆ ಬಂದು ಕೂತಿದ್ದದ್ದು ಎದ್ದು ಬಂದಿತ್ತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಜೀವಮಾನವೆಲ್ಲ ಇನ್ನೊಬ್ಬರನ್ನು ಆಡಿಕೊಂಡ ಮನುಷ್ಯ ನಾಚಿಕೆಯಿಂದ ಬೆವೆತುಹೋದರು.

ಮಾಯಮ್ಮನಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಒಳಗೆ ಹೋಗಿ ಒಂದು ನೀರಿನ ಬಾಟಲಿ ತಂದಳು.

“ಗೊತ್ತಿತ್ತು ಬುಡಿ ಅಣ್ಣ. ನಿಮ್ಮೋರು ನಮ್ಮನೇಲಿ ಮುಟ್ಟಕಿಲ್ಲ ಅಂತ ಬೆಳಗ್ಗೇನೆ ಅಂಗಡಿಯಿಂದ ತರ್ಸಿದ್ದೆ. ಸೀಲ್ ಒಡೆದಿಲ್ಲ, ನೋಡ್ಕಳಿ.”

‘ನಿಮ್ಮೋರು.’ ಗೌಡರನ್ನು, ಶಾನುಭೋಗರನ್ನು ಕಂಡಾಗ ತಾನು ಆಡುತ್ತಿದ್ದ ಮಾತು. ಮರಿಸಿದ್ದಯ್ಯ ತಡಬಡಾಯಿಸಿ ಚೊಂಬಿಗೆ ಕೈಚಾಚಿದರು. “ಇಲ್ಲ ತಂಗಿ, ಕೊಡವ್ವ, ಕುಡೀತೀನಿ...”

ಅಷ್ಟರಲ್ಲಿ ಮಂಜುಶ್ರೀ ಚೊಂಬನ್ನೆತ್ತಿ, ಅದರಲ್ಲಿದ್ದಷ್ಟೂ ನೀರನ್ನು ಗಟಗಟ ಕುಡಿದು ಮುಗಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಅಪ್ಪನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಅಪ್ಪ, ನನ್ ಮದ್ವೆಗೆ ಬರ್ಬೇಡಿ. ಎಲೆ ಮುಂದೆ ಕೂತು ನೀವು ಹಸಿವಿಲ್ಲ ಅನ್ನೋದನ್ನ ನನ್ ಕೈಲಿ ನೋಡೋಕಾಗಲ್ಲ.”