ಒಲೆಯ ಮುಂದಿನ ಪಾಠ

ಜೋಳದ ಹಿಟ್ಟಿಗೆ ಕುದಿಯುವ ನೀರು ಬಿದ್ದಾಗ ಏಳುವ ಬಿಸಿ ವಾಸನೆ ಎಲ್ಲಿಯಾದರೂ ಮೂಗಿಗೆ ತಾಕಿದರೆ, ಕಕ್ಕೇರಾದ ಬಳಿಯ ನಮ್ಮ ಮಣ್ಣಿನ ಮನೆ ಇಂದಿಗೂ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ; ಅದರಲ್ಲಿ ನನ್ನೊಡನಿದ್ದ ಮೂವರೂ ಇಲ್ಲ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ನಮ್ಮಿಬ್ಬರ ಓದನ್ನು ಅವಳು ನಮ್ಮ ಪಾಡಿಗೆ ಬಿಟ್ಟವಳಲ್ಲ. ಸಂಜೆ ಒಲೆ ಹೊತ್ತಿದೊಡನೆ ಅಕ್ಕನೂ ನಾನೂ ಅದರ ಮುಂದೆ ಕುಳಿತು ಆ ದಿನದ ಪಾಠವನ್ನು ಗಟ್ಟಿಯಾಗಿ ಓದಬೇಕು. ಅವ್ವ ರೊಟ್ಟಿ ಬಡಿಯುತ್ತ ಕೇಳಬೇಕು. ಓದು ಎಲ್ಲಿ ತಡವರಿಸುತ್ತಿತ್ತೋ ಅಲ್ಲಿ ಅವಳ ಕೈಯೂ ನಿಲ್ಲುತ್ತಿತ್ತು. "ಅಲ್ಲಿ ಎಡವಿದಿ ನೋಡವ್ವ. ಹಿಂದಕ್ಕ ಹೋಗಿ ಬಾ" ಎನ್ನುತ್ತಿದ್ದಳು. ಅಕ್ಕ ಓದುವಾಗ ಮಾತ್ರ ಆ ಕೈ ನಿಂತದ್ದು ನನಗೆ ನೆನಪಿಲ್ಲ.

ಕಾಲುವೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬಂದ ವರ್ಷಗಳವು. ಜೋಳ ಬೆಳೆಯುತ್ತಿದ್ದ ಕರಿನೆಲದಲ್ಲಿ ಭತ್ತ ನಿಂತಿತು, ಅವ್ವ ದಿನವಿಡೀ ಕೆಸರಿನಲ್ಲಿ ಬಾಗಿ ನಾಟಿ ಹಚ್ಚಿದಳು. ಆ ಹಂಗಾಮಿನಲ್ಲೇ ಚಳಿಜ್ವರ ಬಂದು, ಸುರಪುರದ ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಅಕ್ಕ ಆಗ ಏಳನೆಯ ತರಗತಿಯಲ್ಲಿದ್ದಳು. ಶಾಲೆ ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ; ತಾನಾಗಿಯೇ ಪುಸ್ತಕದ ಚೀಲವನ್ನು ಗೂಟಕ್ಕೆ ತೂಗುಹಾಕಿ, ಅವ್ವನ ಜಾಗದಲ್ಲಿ ಕುಳಿತಳು.

ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಒಂದು ಬೆಳಿಗ್ಗೆ, "ನೀ ಸಾಲಿಗಿ ಹೋಗವ್ವ" ಎಂದು ಅವಳನ್ನು ಎಬ್ಬಿಸಿ, ತಾನೇ ರೊಟ್ಟಿ ಬಡಿಯತೊಡಗಿದ. ನಮ್ಮಲ್ಲಿ ಗಂಡಸು ಒಲೆಯ ಮುಂದೆ ಕೂರುವುದೆಂದರೆ ಊರಿಗೆಲ್ಲ ನಗೆ. ಬೆಂಕಿ ಕೇಳಲು ಬಂದ ನೆರೆಮನೆಯ ನಿಂಗವ್ವ ಬಾಗಿಲಲ್ಲೇ ನಿಂತಳು.

"ಏನ್ ಮಾವಾ, ರೊಟ್ಟಿ ಬಡ್ಯಾಕತ್ತೀರಿ? ಒಂದು ಕುಬಸಾನೂ ಹೊಲಿಸಿಕೊಡ್ಲೇನು?"

"ಹೊಲಿಸವ್ವ. ತೋಳು ಮಾತ್ರ ಸಡ್ಲ ಇರ್ಲಿ" ಎಂದ ಅಪ್ಪ, ತಲೆಯೆತ್ತದೆ.

ಅಕ್ಕ ಮತ್ತೆ ಶಾಲೆಗೆ ಬಂದಳು. ಆದರೆ ಅಪ್ಪನ ರೊಟ್ಟಿ ಹೆಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಅವನು ಹೊಲ ಮುಟ್ಟುವಷ್ಟರಲ್ಲಿ ನಮ್ಮ ಪಾಳಿ ಮುಗಿದು ಕಾಲುವೆಯ ನೀರು ಮುಂದಿನವರ ಗದ್ದೆಗೆ ತಿರುಗಿರುತ್ತಿತ್ತು. ಸಸಿ ಒಣಗಿ ಹಳದಿಯಾದದ್ದನ್ನು ಕಂಡ ದಿನ ಅಕ್ಕ ಅವನ ಬೊಬ್ಬೆಯೆದ್ದ ಕೈ ಹಿಡಿದು ಎಬ್ಬಿಸಿದಳು.

"ಏಳು ಯಪ್ಪಾ. ತಂಗಿ ಓದ್ತಾಳಲ್ಲ, ನಾ ಕೇಳ್ತೀನಿ. ನಂದೂ ಸಾಲಿ ಆಗ್ತದ."

ಹಾಗೆಯೇ ಆಯಿತು. ನಾನು ಓದಿದೆ, ಅವಳು ಕೇಳಿದಳು. ಹೈಸ್ಕೂಲಿನ ಇತಿಹಾಸ, ವಿಜ್ಞಾನ, ಕವಿತೆಗಳೆಲ್ಲ ಅವಳಿಗೆ ಬಾಯಿಪಾಠವಾದವು. ನಾನು ಮರೆತ ಉತ್ತರವನ್ನು ಅವಳು ಹೊಗೆಗೆ ಕಣ್ಣು ಕಿರಿದುಗೊಳಿಸಿ ಹೇಳಿಬಿಡುತ್ತಿದ್ದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ ಅಪ್ಪ ದಾರಿಹೋಕರಿಗೆಲ್ಲ, "ನಮ್ಮ ಇಬ್ರೂ ಹತ್ತನೇತ್ತದಾಗ ಅದಾರ" ಎನ್ನುತ್ತಿದ್ದ. ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ, "ಇಬ್ರೂ ಪಾಸಾದ್ರು" ಎಂದು ಓಣಿಗೆಲ್ಲ ಸಕ್ಕರೆ ಹಂಚಿದ. ಓದುಗರೇ, ಮಕ್ಕಳ ಓದಿಗೆ ಹೆತ್ತವರು ಏನು ಮಾಡಬೇಕೆಂದು ಇಂದು ಯಾರಾದರೂ ನನ್ನನ್ನು ಕೇಳಿದರೆ, ಆ ಸುಳ್ಳಿನ ಮುಂದೆ ನನ್ನ ಉತ್ತರಗಳೆಲ್ಲ ಸಣ್ಣವಾಗುತ್ತವೆ.

ಮುಂದೆ ನಾನು ಶಹಾಪುರದ ಹಾಸ್ಟೆಲಿಗೆ ಹೋಗಿ ವಿಜ್ಞಾನ ಸೇರಿದೆ. ಪುಸ್ತಕಗಳೆಲ್ಲ ಇಂಗ್ಲಿಷಿನವು. ದಸರೆಯ ರಜೆಗೆ ಬಂದ ಸಂಜೆ, ಅಕ್ಕ ಮುಂಚಿತವಾಗಿಯೇ ನನಗಾಗಿ ಚಾಪೆ ಹಾಸಿಟ್ಟಿದ್ದಳು. ನಾನು ಓದಿದೆ. "ಇನ್ನೊಮ್ಮಿ ಓದು" ಎಂದಳು. ಓದಿದೆ. ಅವಳು ಬಹಳ ಹೊತ್ತು ನನ್ನ ತುಟಿಗಳನ್ನೇ ನೋಡಿದಳು.

"ಭಾಳ ಚಂದ ಓದ್ತೀ ತಂಗಿ. ಇನ್ನ ಒಳಗ ಲೈಟಿನ ಬುಡಕ ಕೂತು ಓದ್ಕೊ. ಇಲ್ಲಿ ಹೊಗಿ ಅದ."

ಕಟ್ಟೆಯಿಂದ ಅಪ್ಪ ಕೇಳಿದ: "ಯಾಕವ್ವ, ಸುಮ್ಮಾದ್ರಿ? ಇಬ್ರದೂ ಪಾಠ ಮುಗೀತೇನು?"

"ನಂದು ಮುಗೀತು ಯಪ್ಪಾ" ಎಂದಳು ಅಕ್ಕ.