ಇನ್ನೊಮ್ಮಿ ಹೇಳ್ರಿ ಎನ್ನುತ್ತಿದ್ದ ಕಸ್ತೂರಕ್ಕ

ಯಾರಾದರೂ ಹೊಲಸು ಮಾತಾಡಿದರೆ ಕಸ್ತೂರಕ್ಕ ಬೈಯುತ್ತಿರಲಿಲ್ಲ. ಕೈಯಲ್ಲಿನ ಕೆಲಸ ಬಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಬಲಗಿವಿ ಮುಂದೆ ಮಾಡಿ, "ಏನಂದ್ರಿ? ಇನ್ನೊಮ್ಮಿ ಹೇಳ್ರಿ, ಸರಿ ಕೇಳಲಿಲ್ಲ" ಎನ್ನುತ್ತಿದ್ದರು. ಅದು ಇಡೀ ಶೆಡ್ಡಿಗೆ ಕೇಳುವ ದನಿ. ಎಲ್ಲರ ಕಣ್ಣೂ ಅತ್ತ ತಿರುಗಿದ ಮೇಲೆ ಅದೇ ಮಾತನ್ನು ಎರಡನೇ ಸಲ ಆಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವರ ಎಡಗಿವಿ ಮಂದವಾಗಿದ್ದುದು ಖರೆ. ಬಲಗಿವಿ ಮಾತ್ರ ನಾವು ಆ ತುದಿಯಲ್ಲಿ ಪಿಸುಗುಟ್ಟಿದ್ದನ್ನೂ ಬಿಡುತ್ತಿರಲಿಲ್ಲ.

ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆ ನಮ್ಮದು. ನೀರಿನ ಪಂಪಿನ ಬಿಡಿಭಾಗಗಳನ್ನು ಮಾಡುತ್ತೇವೆ. ಪ್ರತಿಯೊಂದು ಭಾಗದ ಅಳತೆ ನೋಡಿ, ಸರಿಯಿದ್ದುದನ್ನು ಮುಂದೆ ಕಳಿಸಿ, ಕೆಟ್ಟದ್ದನ್ನು ಕೆಂಪು ಟ್ರೇಗೆ ಹಾಕುವುದು ಕಸ್ತೂರಕ್ಕನ ಕೆಲಸ. ಮಾಲೀಕರೇ ಬಂದು "ಅರ್ಜಂಟ್ ಐತಿ, ಬಿಡ್ರಿ ಅಕ್ಕಾರ" ಎಂದರೂ ಕೆಂಪು ಟ್ರೇಯಿಂದ ಒಂದು ತುಂಡೂ ಹೊರಬರುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆಂದರೆ ಕಟಕ ರೊಟ್ಟಿಯನ್ನು ಮುರಿದು ಮೊದಲು ನಮ್ಮ ಕೈಗೆ ಹಾಕುತ್ತಿದ್ದರು.

ನಾನು ಅಲ್ಲಿ ಗುಮಾಸ್ತೆಯಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ಸೂಪರ್‌ವೈಜರ್ ಅಶೋಕ ಎಂಬಾತ ಮೊದಲು ನನ್ನ ಉಡುಪಿನ ಬಗ್ಗೆ ಮಾತಾಡಿದ. ಆಮೇಲೆ ಮೊಬೈಲಿಗೆ ಸಂದೇಶ ಕಳಿಸಲು ಶುರು ಮಾಡಿದ. ಉತ್ತರ ಕೊಡದಿದ್ದಾಗ ಎಲ್ಲರ ಮುಂದೆ ನನ್ನ ತಪ್ಪು ಹುಡುಕಿ ಚೀರಾಡಿದ. ಒಂದು ದಿನ ಸ್ಟೋರ್ ರೂಮಿಗೆ ಫೈಲ್ ತರಲು ಕಳಿಸಿ, ಬಾಗಿಲಿಗೆ ಅಡ್ಡ ನಿಂತು, "ನಕ್ಕರ ಬಿಡ್ತೇನಿ" ಎಂದ. ಹೇಗೋ ನುಸುಳಿಕೊಂಡು ಹೊರಗೆ ಬಂದೆ. ಮರುದಿನ ರಾಜೀನಾಮೆ ಬರೆದುಕೊಂಡೇ ಕಾರ್ಖಾನೆಗೆ ಹೋದೆ.

ಆಫೀಸಿನ ಮೆಟ್ಟಿಲ ಹತ್ತಿರ ಕಸ್ತೂರಕ್ಕ ತಡೆದರು. ನನ್ನ ಮುಖ ನೋಡಿ, ಚೀಟಿ ಇಸಿದುಕೊಂಡು ಓದಿದರು.

"ವಿದ್ಯಾ, ಇದನ್ನ ಬರೀಬೇಕಾದಾಕಿ ನೀನೇನು?"

ನನಗೆ ಅಳು ಬಂತು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ತಮ್ಮ ಮೇಜಿಗೆ ಕರೆದೊಯ್ದು, ದೂರು ಬರೆಯಲು ಕಾಗದ, ಪೆನ್ನು ಕೊಟ್ಟರು. ನಾನು "ಅಶೋಕ ನೀಚ ಮನುಷ್ಯ" ಎಂದು ಶುರು ಮಾಡಿದ್ದೆ. ಅದನ್ನು ಹೊಡೆದು ಹಾಕಿದರು.

"ಸಿಟ್ಟು ಬರೀಬ್ಯಾಡವಾ. ಯಾವತ್ತು, ಎಲ್ಲಿ, ಏನಂದ, ಯಾರು ಇದ್ರು, ಅಷ್ಟ ಬರಿ. ನಾ ಪೀಸ್ ಕೆಟ್ಟೈತಿ ಅಂದ್ರ ಯಾರು ನಂಬ್ತಾರ? ಎಲ್ಲಿ ಎಷ್ಟು ತಪ್ಪೈತಿ ತೋರಿಸಿದ್ರ ನಂಬ್ತಾರ. ಅಂವ ಕಳಿಸಿದ್ದು ಒಂದೂ ಅಳಸಬ್ಯಾಡ."

ಗೇಟಿನ ಬಳಿ ಕಿರುಕುಳದ ದೂರು ಕೇಳುವ ಸಮಿತಿಯ ಬೋರ್ಡೊಂದಿತ್ತು. ಅದರಲ್ಲಿದ್ದ ಮೂರು ಹೆಸರುಗಳಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು. ಮೂರನೆಯವರಿಗೆ ತಾವು ಸದಸ್ಯರೆಂಬುದೇ ಗೊತ್ತಿರಲಿಲ್ಲ. ಕಸ್ತೂರಕ್ಕ ನನ್ನನ್ನು ಕರೆದುಕೊಂಡು ನೇರ ಮಾಲೀಕರ ಕೋಣೆಗೆ ಹೋದರು.

ಮಾಲೀಕರು ದೂರು ಓದಿ ನಿಟ್ಟುಸಿರುಬಿಟ್ಟರು. "ಅಕ್ಕಾರ, ಅಂವ ಕೆಲಸದಾಗ ಭಾಳ ಹುಷಾರ್ ಅದಾನ. ಈಕಿನ್ನ ನಮ್ಮ ಗೋಕುಲ ರಸ್ತೆ ಆಫೀಸಿಗೆ ಕಳಿಸೂಣು. ವಿಷಯ ಇಲ್ಲೇ ಮುಗೀಲಿ."

"ಸಾಹೇಬ್ರ, ಇಷ್ಟು ವರ್ಷ ನಾ ಕೆಟ್ಟ ಪೀಸ್ ತೆಗದು ಒಗದೇನಿ. ಛಲೋ ಪೀಸ್ ತೆಗದು ಕೆಟ್ಟದ್ದನ್ನ ಲಾರಿಗೆ ಹಾಕಂತ ಇವತ್ತ ಹೇಳಾಕತ್ತೀರಿ. ನನ್ನ ಕಡೆಯಿಂದ ಆಗೂದಿಲ್ರಿ. ಸಮಿತಿ ಮಾಡ್ರಿ, ಇಲ್ಲಂದ್ರ ಜಿಲ್ಲಾ ಆಫೀಸಿನ ದೂರು ಸಮಿತಿಗೆ ನಾವ ಹೋಗ್ತೇವಿ."

ಮಾಲೀಕರು ದೂರನ್ನು ಮತ್ತೊಮ್ಮೆ ಓದಿ, ಸಹಿ ಹಾಕಿ ತೆಗೆದುಕೊಂಡರು. ಒಂದು ವಾರದಲ್ಲಿ ಹೊಸ ಸಮಿತಿ ಆಯಿತು. ಧಾರವಾಡದಿಂದ ಒಬ್ಬ ವಕೀಲೆ ಹೊರಗಿನ ಸದಸ್ಯೆಯಾಗಿ ಬಂದರು.

ಆ ವಾರವಿಡೀ ಕಸ್ತೂರಕ್ಕ ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಪಕ್ಕ ಹೋಗಿ ಕೂತರು. ಯಾರನ್ನೂ ಒತ್ತಾಯಿಸಲಿಲ್ಲ. "ನಿನಗೇನರ ಆಗಿದ್ರ ಹೇಳು, ಆಗಿಲ್ಲಂದ್ರ ಬಿಡು" ಎನ್ನುತ್ತಿದ್ದರು, ಅಷ್ಟೆ. ವಿಚಾರಣೆಯ ದಿನ ನಾನೊಬ್ಬಳೇ ಎಂದುಕೊಂಡು ಹೋದರೆ ಕೋಣೆಯ ಹೊರಗಿನ ಬೆಂಚಿನಲ್ಲಿ ಪ್ಯಾಕಿಂಗ್ ವಿಭಾಗದ ಆರು ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಅವರ ಪಕ್ಕದಲ್ಲಿ ಲೇತ್ ಯಂತ್ರದ ಮಲ್ಲಪ್ಪ ಕಾಕಾ. ಯಾರೊಡನೆಯೂ ಮಾತಾಡದ ಮನುಷ್ಯ. "ಅಂವ ಸ್ಟೋರ್ ಬಾಗಲಕ್ಕ ಅಡ್ಡ ನಿಂತದ್ದು ನಾ ನೋಡೇನಿ. ಅವತ್ತ ಬಾಯಿ ಬಿಡಲಿಲ್ಲ, ತಪ್ಪಾತವಾ" ಎಂದು ನನಗೆ ಕೈ ಮುಗಿದರು.

ಆಪಾದನೆ ಸಾಬೀತಾಯಿತು. ಅಶೋಕನನ್ನು ಕೆಲಸದಿಂದ ತೆಗೆದರು. ಆದೇಶ ಓದಿದ ಮಧ್ಯಾಹ್ನ ಪ್ಯಾಕಿಂಗಿನ ಹೆಂಗಸರು ಮಿರ್ಚಿ ಭಜಿ ತರಿಸಿದರು. ಯಂತ್ರಗಳು ನಿಂತಿದ್ದ ಆ ಅರ್ಧ ಗಂಟೆ ಶೆಡ್ಡಿನ ತುಂಬ ನಗೆ. ನನ್ನ ನಗೆಯೇ ಎಲ್ಲರದಕ್ಕಿಂತ ಜೋರಾಗಿತ್ತಂತೆ. ಈಗ ಆ ಸಮಿತಿಯಲ್ಲಿ ನಾನೂ ಇದ್ದೇನೆ. ಹೊಸಬರು ಯಾರೇ ಸೇರಲಿ, ಮೊದಲ ದಿನವೇ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸುತ್ತೇವೆ.

ಕಸ್ತೂರಕ್ಕ ಹೋದ ವರ್ಷ ನಿವೃತ್ತರಾಗಿ ಗದಗಿನಲ್ಲಿರುವ ಮಗಳ ಮನೆಗೆ ಹೋದರು. ಕೊನೆಯ ದಿನ ಬಸ್ ಸ್ಟಾಪಿನ ತನಕ ಅವರ ಚೀಲ ಹಿಡಿದು ಹೋದೆ. ಅಷ್ಟು ವರ್ಷಗಳಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ: "ಅಕ್ಕಾ, ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು: "ಇಲ್ಲಿ ಬರೂಕಿಂತ ಮೊದಲ ಇನ್ನೊಂದು ಕಡೆ ಇದ್ದೆ. ಅಲ್ಲೂ ಒಬ್ಬಾಂವ ಹಿಂಗ ಇದ್ದ. ನೀ ಇಲ್ಲಿ ಸೇರಿದಾಗಿನಷ್ಟ ವಯಸ್ಸು ನಂದು. ಯಾರಿಗೂ ಹೇಳಲಿಲ್ಲ. ಕೆಲಸ ಬಿಟ್ಟು, ಅಳಕೋತ ಗೇಟ್ ದಾಟಿ ಮನಿಗೆ ಹೋದೆ."

ಬಸ್ ಬಂತು. ಚೀಲ ಇಸಿದುಕೊಂಡು, ಮೆಟ್ಟಿಲೇರಿ, ನನ್ನತ್ತ ತಿರುಗಿದರು. ಮುಖದ ತುಂಬ ನಗು.

"ಇವತ್ತ ನೋಡು, ಹೆಂಗ ಹೊಂಟೇನಿ!"